ಯಾವ ಪರಮಾಣು ಎಲ್ಲಿಗೆ ಹೋಯಿತು?

ಮೇ ತಿಂಗಳ ಕೊನೆ. ಮುಂಗಾರು ಇನ್ನೇನು ಬಂತು ಎನ್ನುವ ಹೊತ್ತಿಗೆ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳು ಹೊರಬರುತ್ತವೆ. ಒಂದರಲ್ಲಿ ಮೈಲುತುತ್ತ ಕರಗಿದ ನೀಲಿ ನೀರು, ಇನ್ನೊಂದರಲ್ಲಿ ಬೆಳ್ಳಗಿನ ಸುಣ್ಣದ ನೀರು. ಒಬ್ಬರು ಕೋಲಿನಲ್ಲಿ ಕದಡುತ್ತಿರುವಾಗ ಇನ್ನೊಬ್ಬರು ನೀಲಿಯನ್ನು ಬಿಳಿಗೆ ಸುರಿಯುತ್ತಾರೆ. ನೋಡುತ್ತಿದ್ದಂತೆ ಡ್ರಮ್ಮಿನ ತುಂಬ ತಿಳಿನೀಲಿ ಬಣ್ಣದ ಗಸಿ ಕಟ್ಟುತ್ತದೆ. ಆಗ ತೋಟದ ಯಜಮಾನರು ಸೊಂಟದ ಕತ್ತಿ ತೆಗೆದು, ಹೊಳೆಯುವ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ಎತ್ತುತ್ತಾರೆ. ಅಲಗು ಕೆಂಪಗಾಗಿದ್ದರೆ ‘ಇನ್ನೊಂಚೂರು ಸುಣ್ಣ ಹಾಕು ಮಾರಾಯ’ ಎನ್ನುತ್ತಾರೆ. ಆಗದಿದ್ದರೆ ಮದ್ದು ಬಿಡಲು ಮರ ಹತ್ತಬಹುದು.

ಅದೇ ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ ಜೂನ್ ಬಂದೊಡನೆ ಅದು ತೆರೆಯುವ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳದ್ದು. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ – ನಾಲ್ಕು ಹೆಸರು, ನಾಲ್ಕು ವ್ಯಾಖ್ಯೆ, ಒಂದೊಂದಕ್ಕೆ ಒಂದೊಂದು ಉದಾಹರಣೆ. ಬಹಳಷ್ಟು ಮಕ್ಕಳು ಇವನ್ನು ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಆದರೆ ಈ ನಾಲ್ಕೂ ಬಗೆಯ ಕ್ರಿಯೆಗಳು ತೋಟದ ಆ ಒಂದು ಡ್ರಮ್ಮಿನ ಹಿಂದೆ ಮುಂದೆಯೇ ನಡೆದಿರುತ್ತವೆ. ಅವನ್ನು ಗುರುತಿಸಲು ಒಂದೇ ಪ್ರಶ್ನೆ ಸಾಕು: ಯಾವ ಪರಮಾಣು ಯಾರ ಜೊತೆಗಿತ್ತು, ಈಗ ಯಾರ ಜೊತೆಗಿದೆ?

ಕರಗಿದ್ದೆಲ್ಲ ಕ್ರಿಯೆಯಲ್ಲ

ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು ನೀರಿಗೆ ಹಾಕಿದರೆ ಹರಳು ಕಾಣೆಯಾಗುತ್ತದೆ. ಆ ನೀರನ್ನು ತಟ್ಟೆಯಲ್ಲಿ ಆರಲು ಬಿಟ್ಟರೆ ಅದೇ ನೀಲಿ ಹರಳು ಮತ್ತೆ ಕೈಗೆ ಸಿಗುತ್ತದೆ. ಹೊಸ ವಸ್ತು ಯಾವುದೂ ಹುಟ್ಟಿಲ್ಲ. ಸುಣ್ಣ ಸೇರಿದ ಮೇಲೆ ಹಾಗಲ್ಲ. ಆ ಗಸಿಯನ್ನು ಎಷ್ಟು ಒಣಗಿಸಿದರೂ ಮೈಲುತುತ್ತ ಹಿಂದಿರುಗುವುದಿಲ್ಲ. ಮೊದಲನೆಯದು ಕರಗುವಿಕೆ, ಎರಡನೆಯದು ರಾಸಾಯನಿಕ ಕ್ರಿಯೆ.

ಬಣ್ಣ ಬದಲಾದರೆ, ಅನಿಲ ಹೊರಟರೆ, ಬಿಸಿಯಾದರೆ, ಕರಗದ ಗಸಿ ಕಟ್ಟಿದರೆ ಕ್ರಿಯೆ ನಡೆದಿರಬಹುದು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ‘ನಡೆದಿರಬಹುದು’ ಎಂಬುದನ್ನು ಒತ್ತಿ ಹೇಳಬೇಕು. ಕುದಿಯುವ ನೀರಿನಲ್ಲೂ ಗುಳ್ಳೆ ಏಳುತ್ತದೆ, ಆದರೆ ಆ ಗುಳ್ಳೆಯೊಳಗಿರುವುದು ನೀರಿನ ಆವಿಯೇ. ಹೊಸ ವಸ್ತು ಬಂದಿತೇ ಎಂಬುದೇ ಕೊನೆಯ ಪರೀಕ್ಷೆ.

ಹೊಸ ವಸ್ತು ಬರುತ್ತದೆ ಎಂದರೆ ಹೊಸ ಪರಮಾಣು ಬರುತ್ತದೆ ಎಂದಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ಕ್ರಿಯೆಗಳನ್ನು ನಡೆಸಿ, ಮೊದಲೂ ಆಮೇಲೂ ತೂಗಿ ನೋಡಿದರು. ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. 1789ರಲ್ಲಿ ಬಂದ ಅವರ ಪಠ್ಯಗ್ರಂಥ ಇದನ್ನು ರಸಾಯನಶಾಸ್ತ್ರದ ಅಡಿಗಲ್ಲಾಗಿ ಇಟ್ಟಿತು. ಪರಮಾಣುಗಳು ಹುಟ್ಟುವುದಿಲ್ಲ, ಸಾಯುವುದಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಸೇರುತ್ತವೆ, ಅಷ್ಟೇ. ಸಮೀಕರಣವನ್ನು ಸರಿದೂಗಿಸಿ ಎಂದು ಶಿಕ್ಷಕರು ಹಟ ಹಿಡಿಯುವುದು ಇದೇ ಕಾರಣಕ್ಕೆ. ಎಡಗಡೆ ಇದ್ದ ಒಂದೊಂದು ಪರಮಾಣುವಿಗೂ ಬಲಗಡೆ ಲೆಕ್ಕ ಸಿಗಲೇಬೇಕು.

ಸುಣ್ಣದ ಗೂಡಿನಲ್ಲಿ ಎರಡು ಪಾಠ

ಡ್ರಮ್ಮಿಗೆ ಬೀಳುವ ಸುಣ್ಣ ನೆಲದಲ್ಲಿ ಹಾಗೆಯೇ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಸುಣ್ಣದಕಲ್ಲನ್ನು, ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಪಡೆಯುತ್ತಾರೆ. ಕಲ್ಲೂ ಚಿಪ್ಪೂ ರಾಸಾಯನಿಕವಾಗಿ ಒಂದೇ: ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಎರಡಾಗಿ ಒಡೆಯುತ್ತದೆ.

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಒಂದು ವಸ್ತು ಒಡೆದು ಎರಡೋ ಹೆಚ್ಚೋ ಆದರೆ ಅದು ವಿಭಜನೆ. ಇಲ್ಲಿ ಒಡೆಯಲು ಶಾಖವನ್ನು ಕೊಡುತ್ತಲೇ ಇರಬೇಕು. ಬೆಂಕಿ ಆರಿದರೆ ಕ್ರಿಯೆಯೂ ನಿಲ್ಲುತ್ತದೆ. ಶಾಖವನ್ನು ಹೀರುವ ಇಂಥವು ಅಂತರುಷ್ಣಕ ಕ್ರಿಯೆಗಳು.

ನೂರು ಕಿಲೋ ಶುದ್ಧ ಸುಣ್ಣದಕಲ್ಲು ಪೂರ್ತಿ ಬೆಂದರೆ ಕೈಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಈ ಲೆಕ್ಕ ಗೂಡಿಗೆ ಮುಗಿಯುವುದಿಲ್ಲ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುವುದೂ ಮೊದಲಿಗೆ ಇದೇ ವಿಭಜನೆ. ಮನುಷ್ಯರು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇ 7–8ರಷ್ಟು ಜಗತ್ತಿನ ಸಿಮೆಂಟ್ ಉದ್ಯಮದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಉರಿಸಿದ ಕಲ್ಲಿದ್ದಲಿನಿಂದಲ್ಲ, ಒಡೆದ ಕಲ್ಲಿನಿಂದಲೇ. ಕಾರ್ಖಾನೆಯನ್ನು ಪೂರ್ತಿ ಸೌರಶಕ್ತಿಯಲ್ಲಿ ನಡೆಸಿದರೂ ಆ 44 ಕಿಲೋ ತಪ್ಪುವುದಿಲ್ಲ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಸಿಮೆಂಟು ಏಕೆ ಇಷ್ಟು ಕಗ್ಗಂಟಾಗಿದೆ ಎಂಬುದಕ್ಕೆ ಹತ್ತನೇ ತರಗತಿಯ ಈ ಒಂದು ಸಾಲಿನ ಸಮೀಕರಣದಲ್ಲಿ ಉತ್ತರವಿದೆ.

ಗೂಡಿನಿಂದ ತಂದ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವುದನ್ನು ನೋಡಿದವರಿಗೆ ಎರಡನೆಯ ಪಾಠ ಹೇಳಿಕೊಡಬೇಕಿಲ್ಲ. ಸುಣ್ಣ ಬುಸುಗುಟ್ಟುತ್ತದೆ, ಬಿರಿಯುತ್ತದೆ, ನೀರು ತಾನಾಗಿ ಕುದಿಯತೊಡಗುತ್ತದೆ. ಕೆಳಗೆ ಒಲೆಯಿಲ್ಲ, ಶಾಖವೆಲ್ಲ ಕ್ರಿಯೆಯದ್ದೇ.

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಎರಡು ಸೇರಿ ಒಂದಾಯಿತು. ಇದು ಸಂಯೋಗ, ಶಾಖವನ್ನು ಹೊರಬಿಟ್ಟಿದ್ದರಿಂದ ಬಹಿರುಷ್ಣಕವೂ ಹೌದು. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರ ನಿಲ್ಲಿಸುವ ಹಿರಿಯರ ಎಚ್ಚರಿಕೆ ಸರಿಯಾದದ್ದು. ಕಣ್ಣಿಗೆ ಸಿಡಿದ ಸುಣ್ಣ ಶಾಖದಿಂದಲೂ ಸುಡುತ್ತದೆ, ಕ್ಷಾರದಿಂದಲೂ ಸುಡುತ್ತದೆ.

ಗೋಡೆಗೆ ಬಳಿದ ಸುಣ್ಣ ಎರಡು ಮೂರು ದಿನದಲ್ಲಿ ಗಟ್ಟಿಯಾಗಿ ಹೊಳೆಯುವುದೂ ಕ್ರಿಯೆಯೇ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ, ನೀರನ್ನು ಹೊರಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೂಡಿನಲ್ಲಿ ಒಡೆದ ಕಲ್ಲು ಗೋಡೆಯ ಮೇಲೆ ತೆಳುವಾದ ಕಲ್ಲಾಗಿ ಮರಳುತ್ತದೆ. ಇದನ್ನು ನಾಲ್ಕರಲ್ಲಿ ಯಾವ ಗುಂಪಿಗೆ ಸೇರಿಸಬೇಕು? ನೇರವಾಗಿ ಯಾವುದಕ್ಕೂ ಹೊಂದುವುದಿಲ್ಲ. ಕ್ಷಾರವೂ ಆಮ್ಲೀಯ ಆಕ್ಸೈಡೂ ಸೇರಿ ಲವಣ, ನೀರು ಆಗುವ ಕ್ರಿಯೆ ಎಂದರೆ ಸರಿ. ನಾಲ್ಕು ಖಾನೆಗಳಲ್ಲಿ ಜಗತ್ತಿನ ಎಲ್ಲ ಕ್ರಿಯೆಗಳನ್ನೂ ತುರುಕಬೇಕೆಂದು ಯಾರೂ ಹೇಳಿಲ್ಲ.

ಡ್ರಮ್ಮಿನೊಳಗೆ ಅದಲುಬದಲು

ಈಗ ನೀಲಿ ಮತ್ತು ಬಿಳಿ ಸೇರುವ ಕ್ಷಣಕ್ಕೆ ಬರೋಣ. ಒಂದು ಕಡೆ ತಾಮ್ರ ಮತ್ತು ಸಲ್ಫೇಟ್, ಇನ್ನೊಂದು ಕಡೆ ಕ್ಯಾಲ್ಸಿಯಂ ಮತ್ತು ಹೈಡ್ರಾಕ್ಸೈಡ್. ಬೆರೆತೊಡನೆ ಸಂಗಾತಿಗಳು ಬದಲಾಗುತ್ತವೆ.

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಎರಡೂ ಕಡೆಯವರು ಜಾಗ ಬದಲಿಸಿದ್ದರಿಂದ ಇದು ದ್ವಿಸ್ಥಾನಪಲ್ಲಟ. ಡ್ರಮ್ಮಿನಲ್ಲಿ ನಿಜವಾಗಿ ಹುಟ್ಟುವ ತಾಮ್ರದ ಸಂಯುಕ್ತಗಳು ಇದಕ್ಕಿಂತ ಕೊಂಚ ಜಟಿಲ, ಆದರೆ ತಿರುಳು ಇದೇ. ಈ ಬಗೆಯ ಕ್ರಿಯೆ ಮುಂದಕ್ಕೆ ಸಾಗಲು ಒಂದು ಕಾರಣ ಬೇಕು. ಸಾಮಾನ್ಯವಾಗಿ ಹೊಸ ಜೋಡಿಗಳಲ್ಲಿ ಒಂದು ನೀರಿನಲ್ಲಿ ಕರಗದೆ ಪ್ರಕ್ಷೇಪವಾಗಿ ಬೀಳುತ್ತದೆ, ಇಲ್ಲವೇ ಅನಿಲವಾಗಿ ಹೊರಡುತ್ತದೆ, ಇಲ್ಲವೇ ನೀರಾಗುತ್ತದೆ. ಉಪ್ಪಿನ ನೀರಿಗೆ ಪೊಟ್ಯಾಸಿಯಂ ನೈಟ್ರೇಟಿನ ನೀರು ಬೆರೆಸಿದರೆ ಏನೂ ಆಗುವುದಿಲ್ಲ. ಕಾಗದದ ಮೇಲೆ ಜೋಡಿ ಬದಲಿಸಿ ಬರೆಯಬಹುದು, ನೀರಿನಲ್ಲಿ ಮಾತ್ರ ವಿದ್ಯುದಂಶ ಹೊತ್ತ ಆ ಕಣಗಳು, ಅಂದರೆ ಅಯಾನುಗಳು, ಎಲ್ಲವೂ ಮೊದಲಿನಂತೆಯೇ ತೇಲುತ್ತಿರುತ್ತವೆ.

ಅಡಿಕೆ ಬೆಳೆಗಾರರ ಪಾಲಿಗೆ ಆ ಕರಗದ ಗಸಿಯೇ ಮದ್ದು. ಬರಿಯ ಮೈಲುತುತ್ತ ಹೊಡೆದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ, ಮೊದಲ ಮಳೆಗೇ ತೊಳೆದೂ ಹೋಗುತ್ತದೆ. ಕರಗದ ತಾಮ್ರ ಗೊನೆಗೆ ಅಂಟಿಕೊಂಡು, ಮಳೆಯಲ್ಲಿ ಬಲು ನಿಧಾನವಾಗಿ ತಾಮ್ರದ ಅಯಾನುಗಳನ್ನು ಬಿಡುತ್ತಾ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವನ್ನು ತಡೆಯುತ್ತದೆ. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಂದು ಮಾಡಿದ್ದನ್ನು ಅಂದೇ ಬಳಸಬೇಕು, ನಿಂತಷ್ಟೂ ಅದರ ಕಸುವು ಇಳಿಯುತ್ತದೆ.

ಇದರ ಹುಟ್ಟೂರು ಫ್ರಾನ್ಸಿನ ಬೋರ್ಡೋ. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚುತ್ತಿದ್ದರು. ಸುತ್ತಲಿನ ಬಳ್ಳಿಗಳು ರೋಗದಿಂದ ಬೋಳಾಗಿದ್ದರೂ ಅವು ಮಾತ್ರ ಹಸಿರಾಗಿದ್ದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನ ಹೊರತಂದು ನಮ್ಮ ತೋಟಗಳಿಗೆ ಈ ಸಿಂಪಡಣೆಯ ದಾರಿ ತೋರಿದರು.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಕೊಡದಿರುವುದಕ್ಕೂ ದ್ವಿಸ್ಥಾನಪಲ್ಲಟವೇ ಕಾರಣ. ಸೋಪಿನ ಸೋಡಿಯಂ ಜಾಗಕ್ಕೆ ನೀರಿನ ಕ್ಯಾಲ್ಸಿಯಂ ಬರುತ್ತದೆ, ಕರಗದ ಬಿಳಿ ಜಿಡ್ಡು ಬಕೆಟ್ಟಿನ ಅಂಚಿಗೆ ಹತ್ತುತ್ತದೆ. ನೀರಿನ ಕ್ಯಾಲ್ಸಿಯಂ ಮುಗಿಯುವವರೆಗೆ ನಾವು ಉಜ್ಜುವ ಸೋಪೆಲ್ಲ ಆ ಜಿಡ್ಡಿಗೇ ಸಂದಾಯ.

ಮತದಾನದ ಶಾಯಿ ಮತ್ತು ಬಿಸಿಲು

ವಿಭಜನೆಗೆ ಬೆಂಕಿಯೇ ಬೇಕೆಂದಿಲ್ಲ. ವಿದ್ಯುತ್ ಹರಿಸಿದರೆ ನೀರು ಒಡೆದು ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸಿಗುತ್ತದೆ. ಬೆಳಕೂ ಒಡೆಯಬಲ್ಲದು. ಅದಕ್ಕೆ ಸಾಕ್ಷಿ ನಮ್ಮ ಎಡಗೈಯ ತೋರುಬೆರಳಿನ ಮೇಲೆಯೇ ಇರುತ್ತದೆ.

ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಶಾಯಿ ಹೋಗುತ್ತಿರುವುದು ಅಲ್ಲಿಂದ. ಅದರ ಪೂರ್ತಿ ಸೂತ್ರ ಗುಟ್ಟು. ಆದರೆ ಅದರಲ್ಲಿರುವ ಮುಖ್ಯ ವಸ್ತು ಬೆಳ್ಳಿಯ ನೈಟ್ರೇಟ್ ಎಂಬುದು ಎಲ್ಲರಿಗೂ ತಿಳಿದದ್ದೇ.

ಬೆರಳಿಗೆ ತಾಗಿದೊಡನೆ ಬೆಳ್ಳಿಯ ನೈಟ್ರೇಟ್ ಬೆವರಿನ ಉಪ್ಪನ್ನು ಸಂಧಿಸುತ್ತದೆ. ಜೋಡಿ ಬದಲಾಗಿ ಕರಗದ ಬೆಳ್ಳಿಯ ಕ್ಲೋರೈಡ್ ಹುಟ್ಟುತ್ತದೆ. ಇದು ದ್ವಿಸ್ಥಾನಪಲ್ಲಟ. ಮತಗಟ್ಟೆಯಿಂದ ಹೊರಬಂದು ಬಿಸಿಲಿಗೆ ಕಾಲಿಟ್ಟ ಮೇಲೆ ಬೆಳಕು ಆ ಕ್ಲೋರೈಡನ್ನು ಒಡೆಯುತ್ತದೆ. ಉಳಿಯುವುದು ಬೆಳ್ಳಿಯ ಅತಿ ಸಣ್ಣ ಕಣಗಳು. ಪುಡಿಯಾದ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಚರ್ಮದ ಪ್ರೋಟೀನುಗಳೂ ಈ ಕೆಲಸಕ್ಕೆ ಕೈಜೋಡಿಸುತ್ತವೆ. ಹಚ್ಚಿದಾಗ ನೇರಳೆಯಾಗಿದ್ದ ಗುರುತು ಸಂಜೆಗೆ ಕಪ್ಪಾಗುವುದು ಹೀಗೆ. ಅದು ಚರ್ಮದ ಮೇಲೆ ಒಣಗಿ ಕುಳಿತ ಬಣ್ಣವಲ್ಲ, ಚರ್ಮದಲ್ಲಿಯೇ ಹುಟ್ಟಿದ ಹೊಸ ವಸ್ತು. ಆದ್ದರಿಂದಲೇ ಸೋಪಿಗೂ ಸೀಮೆಎಣ್ಣೆಗೂ ಬಗ್ಗುವುದಿಲ್ಲ, ಉಗುರು ಬೆಳೆದು ಕತ್ತರಿಸುವವರೆಗೂ ಉಳಿಯುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೊ ಫಿಲ್ಮುಗಳು ನಡೆಯುತ್ತಿದ್ದುದೂ ಬೆಳ್ಳಿಯ ಲವಣಗಳ ಇದೇ ಗುಣದಿಂದ.

ಕತ್ತಿಯ ಅಲಗಿನ ಕೆಂಪು

ಯಜಮಾನರ ಕತ್ತಿಯನ್ನು ಈಗ ನೋಡೋಣ. ಸುಣ್ಣ ಕಡಿಮೆಯಾಗಿದ್ದರೆ ಡ್ರಮ್ಮಿನಲ್ಲಿ ತಾಮ್ರದ ಸಲ್ಫೇಟ್ ಇನ್ನೂ ಕರಗಿಯೇ ಇರುತ್ತದೆ. ಕಬ್ಬಿಣದ ಅಲಗನ್ನು ಅದರಲ್ಲಿ ಅದ್ದಿದಾಗ ಕಬ್ಬಿಣ ದ್ರಾವಣಕ್ಕಿಳಿಯುತ್ತದೆ, ತಾಮ್ರ ಹೊರಬಿದ್ದು ಅಲಗಿಗೆ ಹತ್ತುತ್ತದೆ.

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಇದು ಸ್ಥಾನಪಲ್ಲಟ. ಶಾಲೆಯಲ್ಲಿ ಮೊಳೆಯನ್ನು ನೀಲಿ ದ್ರಾವಣದಲ್ಲಿ ಇಳಿಬಿಟ್ಟು ತೋರಿಸುವ ಪ್ರಯೋಗವನ್ನು ಬೆಳೆಗಾರರು ಪ್ರತಿ ಮಳೆಗಾಲಕ್ಕೂ ಮಾಡುತ್ತಾರೆ, ಮತ್ತು ಅದರ ಫಲಿತಾಂಶದ ಮೇಲೆ ಒಂದು ವರ್ಷದ ಬೆಳೆ ನಿಂತಿರುತ್ತದೆ. ಈ ಮದ್ದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದರಿಂದಲೇ. ಅಲಗಿಗೆ ಆದದ್ದು ಇಡೀ ಡ್ರಮ್ಮಿಗೆ ಆಗುತ್ತದೆ, ಮದ್ದಿನ ತಾಮ್ರವೂ ಕೈತಪ್ಪುತ್ತದೆ.

ಯಾವ ಲೋಹ ಯಾವುದನ್ನು ಹೊರದೂಡುತ್ತದೆ ಎಂಬುದು ಕ್ರಿಯಾಶೀಲತೆಯ ಸರಣಿಯಲ್ಲಿದೆ. ಪೊಟ್ಯಾಸಿಯಂ, ಸೋಡಿಯಂ ಮೇಲೆ. ನಡುವೆ ಸತು, ಕಬ್ಬಿಣ. ಕೆಳಗೆ ತಾಮ್ರ, ಬೆಳ್ಳಿ. ತೀರ ಕೆಳಗೆ ಚಿನ್ನ. ಮೇಲಿನದು ಕೆಳಗಿನದನ್ನು ಅದರ ಲವಣದಿಂದ ಹೊರಹಾಕುತ್ತದೆ. ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟಿನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟರೂ ಕಬ್ಬಿಣ ಹೊರಬರುವುದಿಲ್ಲ.

ಕೋಲಾರದ ಚಿನ್ನದ ಗಣಿಯ ಚರಿತ್ರೆಯಲ್ಲಿ ಈ ಸರಣಿಗೆ ದೊಡ್ಡ ಪಾಲಿದೆ. ಕಲ್ಲನ್ನು ಎಷ್ಟು ಪುಡಿ ಮಾಡಿದರೂ ಅದರೊಳಗಿನ ಚಿನ್ನದ ಕಣಗಳು ಬಲು ಸಣ್ಣವು, ತೊಳೆದು ಸೋಸಿದರೆ ಎಲ್ಲ ಸಿಗುವುದಿಲ್ಲ. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಗಾಳಿಯ ಆಕ್ಸಿಜನ್ ನೆರವಿನಿಂದ ಸೈನೈಡ್ ನೀರು ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಸತು ಹಾಕುತ್ತಾರೆ. ಸರಣಿಯಲ್ಲಿ ಮೇಲಿರುವ ಸತು ದ್ರಾವಣಕ್ಕೆ ಇಳಿಯುತ್ತದೆ, ಚಿನ್ನ ಹೊರಬೀಳುತ್ತದೆ. ಅಡಿಕೆ ತೋಟದ ಅಲಗಿನ ಮೇಲೆ ನಡೆದದ್ದೇ ಇಲ್ಲೂ ನಡೆಯುವುದು; ಕಬ್ಬಿಣದ ಬದಲು ಸತು, ತಾಮ್ರದ ಬದಲು ಚಿನ್ನ.

ಕೆಜಿಎಫ್ ಎಂದು ಕರೆಯುವ ಕೋಲಾರದ ಆ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ‘ಸೈನೈಡ್ ದಿಬ್ಬಗಳು’ ಊರಿನ ನಡುವೆ ಇನ್ನೂ ನಿಂತಿವೆ. ಬೇಸಿಗೆಯ ಗಾಳಿಗೆ ಅಲ್ಲಿಂದೇಳುವ ದೂಳು ಮನೆಗಳೊಳಗೆ ಬರುತ್ತದೆ. ಸಮೀಕರಣದ ಬಲಗಡೆ ಬೇಕಾದದ್ದನ್ನು ಮಾತ್ರ ಬರೆದು, ಬೇಡದ್ದನ್ನು ಯಾರ ಅಂಗಳದಲ್ಲಿ ಸುರಿದೆವು ಎಂದು ಕೇಳದೆ ಹೋದದ್ದಕ್ಕೆ ಆ ಊರಿನವರು ಇಂದಿಗೂ ಬೆಲೆ ತೆರುತ್ತಿದ್ದಾರೆ.

ಎಲೆಕ್ಟ್ರಾನುಗಳ ಲೆಕ್ಕ

ಮಕ್ಕಳು ಹೆಚ್ಚು ಗಲಿಬಿಲಿಗೊಳ್ಳುವುದು ಉತ್ಕರ್ಷಣ, ಅಪಕರ್ಷಣದಲ್ಲಿ. ಆಕ್ಸಿಜನ್ ಸೇರಿದರೆ ಉತ್ಕರ್ಷಣ, ಹೋದರೆ ಅಪಕರ್ಷಣ ಎಂಬುದು ಹಳೆಯ ವಿವರಣೆ, ಶುರುವಿಗೆ ಸಾಕು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯಲ್ಲಿ ನಡೆದದ್ದು ಅದೇ. ಕೆಮ್ಮಣ್ಣುಗುಂಡಿಯ ಅದಿರಿನಲ್ಲಿ ಕಬ್ಬಿಣ ಆಕ್ಸಿಜನ್ನಿನ ಜೊತೆಗಿತ್ತು. ಮಲೆನಾಡಿನ ಮರದ ಇದ್ದಿಲು ಉರಿದು ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಆ ಆಕ್ಸಿಜನ್ನನ್ನು ಕಿತ್ತುಕೊಂಡಿತು. ಅದಿರು ಅಪಕರ್ಷಣಗೊಂಡು ಕಬ್ಬಿಣವಾಯಿತು, ಕಾರ್ಬನ್ ಮಾನಾಕ್ಸೈಡ್ ಉತ್ಕರ್ಷಣಗೊಂಡು ಡೈಆಕ್ಸೈಡ್ ಆಯಿತು. ಒಂದು ಕಳೆದುಕೊಳ್ಳದೆ ಇನ್ನೊಂದು ಪಡೆಯಲಾರದು, ಹಾಗಾಗಿ ಎರಡೂ ಒಟ್ಟಿಗೇ ನಡೆಯುತ್ತವೆ. ಆ ಕಬ್ಬಿಣ ಮಳೆಯಲ್ಲಿ ನೆನೆದರೆ ನಿಧಾನವಾಗಿ ಮತ್ತೆ ಆಕ್ಸಿಜನ್ ಪಡೆದು ತುಕ್ಕಾಗುತ್ತದೆ.

ಹೆಚ್ಚು ಕೆಲಸಕ್ಕೆ ಬರುವುದು ಎಲೆಕ್ಟ್ರಾನಿನ ಲೆಕ್ಕ. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಕತ್ತಿಯ ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು, ದ್ರಾವಣದ ತಾಮ್ರ ಅವೆರಡನ್ನು ಪಡೆದು ಲೋಹವಾಯಿತು. ಆದ್ದರಿಂದ ಲೋಹಗಳ ಸ್ಥಾನಪಲ್ಲಟವೆಲ್ಲ ಉತ್ಕರ್ಷಣ, ಅಪಕರ್ಷಣ ಒಟ್ಟಿಗೇ ನಡೆಯುವ ರೆಡಾಕ್ಸ್ ಕ್ರಿಯೆಯೂ ಹೌದು. ಡ್ರಮ್ಮಿನಲ್ಲಿ ಮದ್ದು ಹುಟ್ಟಿದಾಗ ಹಾಗಾಗಲಿಲ್ಲ. ತಾಮ್ರ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲವೂ ತಮ್ಮ ತಮ್ಮ ವಿದ್ಯುದಂಶವನ್ನು ಹಾಗೆಯೇ ಉಳಿಸಿಕೊಂಡು ಜೊತೆಯನ್ನಷ್ಟೇ ಬದಲಿಸಿದವು. ಅದು ರೆಡಾಕ್ಸ್ ಅಲ್ಲ. ಸುಣ್ಣದಕಲ್ಲಿನ ವಿಭಜನೆಯೂ ಅಲ್ಲ. ಬೆಳಕಿನಲ್ಲಿ ಬೆಳ್ಳಿಯ ಕ್ಲೋರೈಡ್ ಒಡೆಯುವುದು ಮಾತ್ರ ಹೌದು, ಏಕೆಂದರೆ ಬೆಳ್ಳಿ ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ.

ಪರೀಕ್ಷೆಯಲ್ಲಿ ‘ಇದು ಸಂಯೋಗವೋ ಉತ್ಕರ್ಷಣವೋ’ ಎಂದು ಪೆನ್ನು ಕಚ್ಚುವ ಮಕ್ಕಳಿಗೆ ಇಷ್ಟು ಹೇಳಬಹುದು: ಒಬ್ಬಳೇ ಹುಡುಗಿ ಶಾಲೆಯ ಖೊಖೊ ತಂಡದಲ್ಲೂ ಹಾಡಿನ ತಂಡದಲ್ಲೂ ಇರಬಹುದು. ಮೆಗ್ನೀಸಿಯಂ ಪಟ್ಟಿ ಉರಿಯುವುದು ಸಂಯೋಗ, ಉತ್ಕರ್ಷಣ, ಬಹಿರುಷ್ಣಕ – ಮೂರೂ ಸರಿ. ಮೊದಲ ಹೆಸರು ಪರಮಾಣುಗಳ ಜೋಡಣೆಯನ್ನು ಹೇಳುತ್ತದೆ, ಎರಡನೆಯದು ಎಲೆಕ್ಟ್ರಾನನ್ನು, ಮೂರನೆಯದು ಶಾಖವನ್ನು.

ಬಚ್ಚಲುಮನೆಯ ಅಪಾಯ

ಈ ತಿಳಿವಳಿಕೆ ಮನೆಯಲ್ಲಿ ತುರ್ತಾಗಿ ಬೇಕಾಗುವ ಒಂದು ಜಾಗವಿದೆ. ಬಚ್ಚಲು, ಶೌಚಾಲಯ ತೊಳೆಯಲು ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಹಳದಿ ಕಲೆಗೆ ಆ್ಯಸಿಡ್ ಹಾಕುತ್ತೇವೆ. ಬೇರೆ ಬೇರೆಯಾಗಿ ಎರಡೂ ಕೆಲಸ ಮಾಡುತ್ತವೆ. ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತದೆ ಎಂದುಕೊಂಡು ಒಟ್ಟಿಗೆ ಸುರಿಯುವವರಿದ್ದಾರೆ. ಮೇಲ್ನೋಟಕ್ಕೆ ಇದೊಂದು ಜೋಡಿ ಬದಲಾಟದಂತೆ ಕಂಡೀತು. ನಿಜದಲ್ಲಿ ಆ್ಯಸಿಡ್ಡಿನ ಕ್ಲೋರೈಡ್ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅದನ್ನು ಪಡೆಯುತ್ತದೆ, ಎರಡೂ ಸೇರಿ ಹಸಿರು-ಹಳದಿ ಕ್ಲೋರಿನ್ ಅನಿಲವಾಗಿ ಮೇಲೇಳುತ್ತವೆ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಬೆಲ್ಜಿಯಂನ ಈಪರ್ ಬಳಿ ಸೈನಿಕರ ಮೇಲೆ ಬಿಟ್ಟ ಅನಿಲ ಇದೇ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಅದು ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ಕುಳಿತು ಉಜ್ಜುವವರ ಮೂಗಿಗೆ ನೇರವಾಗಿ ತಾಗುತ್ತದೆ. ಆದ್ದರಿಂದ ಒಂದನ್ನು ಬಳಸಿ, ಧಾರಾಳ ನೀರು ಹಾಕಿ ಪೂರ್ತಿ ತೊಳೆದ ಮೇಲಷ್ಟೇ, ಅದೂ ಇನ್ನೊಂದು ದಿನ, ಮತ್ತೊಂದನ್ನು ಬಳಸಬೇಕು. ಗೊತ್ತಿಲ್ಲದೆ ಬೆರೆತು ಕಣ್ಣು ಉರಿದರೆ, ಕೆಮ್ಮು ಬಂದರೆ, ಚೊಕ್ಕ ಮಾಡುವ ಕೆಲಸವನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದು, ಎಲ್ಲರನ್ನೂ ಹೊರಗೆ ಕರೆದು, ಬಾಗಿಲು ಕಿಟಕಿ ತೆರೆದಿಡಬೇಕು. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ಏನು ಬೆರೆತಿತ್ತು ಎಂಬುದನ್ನು ವೈದ್ಯರಿಗೆ ಹೇಳಬೇಕು.